ಮಲ್ಲಿಗೆ ಬಳ್ಳಿಯ ಜಾಲರಿ ಮತ್ತು ಶನಿವಾರದ ಮೊಟ್ಟೆ

ಆ ಶನಿವಾರದ ಮೊಟ್ಟೆಯ ವಾಸನೆ ಮೇಲಿನ ಮನೆಯಿಂದ ಬಂದದ್ದಲ್ಲ. ನನ್ನ ಅಡುಗೆಮನೆಯಿಂದ ಬಂದದ್ದು. ಹುರಿದವಳು ನಾನು, ನಿಂತುಕೊಂಡೇ ತಿಂದವಳು ನಾನು, ಬಾಣಲೆ ತೊಳೆದು ಒರೆಸಿ ಒಣಗಿದ್ದಂತೆ ಕಾಣುವ ಹಾಗೆ ಇಟ್ಟವಳೂ ನಾನೇ. ಬೈಸಿಕೊಂಡವರು ಮಾತ್ರ ಗಿರಿಜಾ — ನಮ್ಮ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ, ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದ ಗಿರಿಜಾ.

ಇಷ್ಟನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ನಾನು ಓದಿದ್ದು ಕಾನ್ವೆಂಟಿನಲ್ಲಿ, ಅಲ್ಲಿಯ ಹಾಸ್ಟೆಲಿನಲ್ಲೇ ಇದ್ದುಕೊಂಡು. ಕ್ರೈಸ್ತ ಹುಡುಗಿಯರು ಪಾದ್ರಿಗಳ ಬಳಿ ಪಾಪನಿವೇದನೆಗೆ ಸಾಲು ನಿಲ್ಲುತ್ತಿದ್ದರು. ಒಳಗೆ ಹೋಗುವಾಗ ತಲೆ ತಗ್ಗಿಸಿಕೊಂಡು, ಹೊರಗೆ ಬರುವಾಗ ಜಡೆ ಕುಣಿಸಿಕೊಂಡು. ನಾವು ಉಳಿದವರು ಹೊರಗಿನ ಕಲ್ಲುಬೆಂಚಿನ ಮೇಲೆ ಕೂತು ಹೊಟ್ಟೆಕಿಚ್ಚು ಪಡುತ್ತಿದ್ದೆವು. ಅವರದು ಮುಗಿಯಿತು, ನಮ್ಮದು ನಮ್ಮಲ್ಲೇ ಉಳಿಯಿತಲ್ಲ ಎಂದು. ಆಗಿನ ಪಾಪವಾದರೂ ಎಂಥದು, ಪಕ್ಕದವಳ ಸುವಾಸನೆಯ ರಬ್ಬರು ವಾಪಸು ಕೊಡದಿದ್ದದ್ದು. ಈಗಿನದು ಹಾಗಲ್ಲ — ಈಗಿನದಕ್ಕೆ ಒಬ್ಬ ಹೆಣ್ಣುಮಗಳು ಮನೆ ಬಿಟ್ಟು ಹೋದರು.

ನಮ್ಮ ಮನೆ ಸಿಂಗಸಂದ್ರದಲ್ಲಿ, ಹೊಸೂರು ರಸ್ತೆಯಿಂದ ಒಂದು ಬೀದಿ ಒಳಗೆ. ನನ್ನ ಯಜಮಾನರು ಮುನಿರಾಜು, ಇದೇ ಊರಿನ ಹಳೆಯ ಕುಟುಂಬದವರು. ಈಗ ನಮ್ಮ ಹಾಲ್ ಇರುವ ಜಾಗದಲ್ಲಿ ಅವರ ತಾತ ರಾಗಿ ಒಕ್ಕುತ್ತಿದ್ದರಂತೆ. ಕೆಳಗೆ ನಾವು, ಮೇಲೆ ಬಾಡಿಗೆಯವರು. ಮನೆಯ ಯಜಮಾನಿಕೆ ಮಾತ್ರ ನನ್ನ ಅತ್ತೆ ಪಿಳ್ಳಮ್ಮನವರದು; ಮೇಲಿನ ಮನೆಯ ಬೀಗದ ಕೈ ಇವತ್ತಿಗೂ ಅವರ ಸೊಂಟದಲ್ಲೇ ಇರುತ್ತದೆ. ಅತ್ತೆ ತಿಮ್ಮಪ್ಪನ ಒಕ್ಕಲು. ವಾರದ ಉಳಿದ ದಿನ ಮನೆಯಲ್ಲಿ ಕೋಳಿ, ಕುರಿ, ಎಲ್ಲ ನಡೆಯುತ್ತದೆ. ಶನಿವಾರ ಮಾತ್ರ ಮೊಟ್ಟೆಯ ಚಿಪ್ಪೂ ಹೊಸ್ತಿಲು ದಾಟಬಾರದು. ಅವತ್ತು ಅತ್ತೆ ತಲೆಗೆ ನೀರು ಹಾಕಿಕೊಂಡು, ನಾಮ ಇಟ್ಟು, ತಮ್ಮ ಕೋಣೆಯಲ್ಲಿ ಧೂಪ ಹಚ್ಚಿ ಕೂತರೆ ಬಿಸಿಲು ನೆತ್ತಿಗೇರುವ ತನಕ ಗೋವಿಂದ, ಗೋವಿಂದ.

ನನಗೋ ಶನಿವಾರವೇ ಮೊಟ್ಟೆ ಬೇಕು. ಹಾಸ್ಟೆಲಿನಲ್ಲಿ ಶನಿವಾರ ಬೆಳಗ್ಗೆ ಮೆಣಸಿನಪುಡಿ ಉದುರಿಸಿದ ಆಮ್ಲೆಟ್ ಕೊಡುತ್ತಿದ್ದರು, ಅಂಚು ಸ್ವಲ್ಪ ಕರಿಕಾಗಿ. ಆ ಅಂಚಿಗಾಗಿಯೇ — ಬೇಡ, ಇದನ್ನು ಕಾರಣವೆಂದು ಹೇಳುತ್ತಿಲ್ಲ. ಭಾನುವಾರ ತಟ್ಟೆ ತುಂಬ ಮೊಟ್ಟೆ ಇಟ್ಟರೂ ನನ್ನ ಕೈ ಅತ್ತ ಹೋಗುವುದಿಲ್ಲ. ನನ್ನ ನಾಲಗೆಗೆ ಕ್ಯಾಲೆಂಡರ್ ಗೊತ್ತು, ಅಷ್ಟೇ. ಮದುವೆಯಾಗಿ ಬಂದ ಮೇಲೆ ಬಹಳ ಕಾಲ ಬಾಯಿ ಕಟ್ಟಿಕೊಂಡೇ ಇದ್ದೆ. ಗಾಳಿ ಮೆಷಿನ್ನು ಬರುವ ತನಕ.

ನಮ್ಮ ಕಡೆ ರಸ್ತೆಯನ್ನು ಯಾರಾದರೂ ಅಗೆಯುತ್ತಲೇ ಇರುತ್ತಾರೆ. ಕಿಟಕಿ ತೆಗೆದರೆ ಟೀಪಾಯಿಯ ಮೇಲೆ ಬೆರಳಿನಲ್ಲಿ ಹೆಸರು ಬರೆಯಬಹುದು. ಮುಚ್ಚಿದರೆ ನಿನ್ನೆಯ ಸಾರಿನ ವಾಸನೆ ಇವತ್ತೂ ಹಾಲ್‌ನಲ್ಲಿ ನೆಂಟರ ಹಾಗೆ ಕೂತಿರುತ್ತದೆ. ಯಜಮಾನರದು ಬೊಮ್ಮಸಂದ್ರದಲ್ಲಿ ಸಣ್ಣ ಲೇತ್ ಕಾರ್ಖಾನೆ. ಮೆಷಿನ್ನು ಅಂದರೆ ಅವರಿಗೆ ಪ್ರಾಣ. ಮನೆಗೊಂದು ಗಾಳಿಯ ವ್ಯವಸ್ಥೆ ಮಾಡಿಸಿಯೇ ಬಿಡುವುದೆಂದು ಹೊರಟರು. ಒಂದು ಮೆಷಿನ್ನು ಹೊರಗಿನ ಗಾಳಿಯನ್ನು ಸೋಸಿ ಹಾಲ್‌ಗೂ ಮಲಗುವ ಕೋಣೆಗೂ ಬಿಡುವುದು. ಇನ್ನೊಂದು ಫ್ಯಾನು ಅಡುಗೆಮನೆಯ ಹೊಗೆಯನ್ನೂ ಅತ್ತೆಯ ಕೋಣೆಯ ಧೂಪವನ್ನೂ ಒಂದೇ ಪೈಪಿಗೆ ಎಳೆದುಕೊಂಡು ಹಿಂದಿನ ಗೋಡೆಯಿಂದ ಹೊರಗೆ ತಳ್ಳುವುದು. ಪೈಪುಗಳೆಲ್ಲ ಫಾಲ್ಸ್ ಸೀಲಿಂಗ್‌ನ ಒಳಗೆ. ಕಣ್ಣಿಗೆ ಕಾಣುವುದು ಚಾವಣಿಯಲ್ಲಿ ಅಲ್ಲಲ್ಲಿ ಗಾಳಿಯ ತೂತು ಮುಚ್ಚುವ ಒಂದೊಂದು ವೆಂಟು.

"ಮೆಷಿನ್ನು, ಪೈಪು ನಂಗ್ ಬಿಡು. ಮೇಲ್ ಕಾಣೋ ವೆಂಟು ಮಾತ್ರ ನೀನ್ ಸೆಲೆಕ್ಟ್ ಮಾಡು. ನಿಂಗ್ ಟೇಸ್ಟ್ ಐತೆ," ಅಂದರು.

ಆ ಮನೆಯಲ್ಲಿ ನನಗೆ ಸಿಕ್ಕ ಮೊದಲ ಖಾತೆ ಅದು. ಮಂತ್ರಿಯಾದವರ ಹಾಗೆಯೇ ನಡೆದುಕೊಂಡೆ. ಅಂಗಡಿ ಅಂಗಡಿ ತಿರುಗಿದೆ. ಬಿಳಿ ಪ್ಲಾಸ್ಟಿಕ್ಕಿನ ದುಂಡನೆಯದೊಂದಿತ್ತು, ಬಚ್ಚಲಿನ ನೀರು ಹೋಗುವ ತೂತನ್ನು ತಲೆಯ ಮೇಲೆ ಅಂಟಿಸಿದ ಹಾಗೆ. ಅಲ್ಯೂಮಿನಿಯಂ ಪಟ್ಟಿಗಳದೊಂದಿತ್ತು, ಕೆಳಗೆ ನಿಂತು ನೋಡಿದರೆ ಹಳೇ ಬಸ್ಸಿನ ಕಿಟಕಿ, ಕಂಡಕ್ಟರ್ ತಲೆ ಹಾಕುತ್ತಾನೇನೋ ಅನ್ನಿಸುತ್ತಿತ್ತು. ಇನ್ನೊಂದು ದೊಡ್ಡ ಬಟ್ಟಲು ಬೋರಲಾಗಿ ಹಾಕಿದಂಥದ್ದು. ಎಲ್ಲವೂ ಕೆಲಸ ಮಾಡುವ ಮುಖದವು. ಕೊನೆಗೆ ಒಂದು ಅಂಗಡಿಯಲ್ಲಿ ಅದು ಕಂಡಿತು — ಮಲ್ಲಿಗೆ ಬಳ್ಳಿ ಕೊರೆದ ಜಾಲರಿ, ತಿಳಿ ಕೆನೆ ಬಣ್ಣ, ಎಲೆಯ ನರ ಕೂಡ ಕಾಣುವಷ್ಟು ನಾಜೂಕು. ಹೂವಿನ ಎಸಳುಗಳ ಮಧ್ಯದಲ್ಲಿ ಸಾಸಿವೆ ಗಾತ್ರದ ತೂತುಗಳು. ಅದನ್ನು ಬೆಳಕಿಗೆ ಹಿಡಿದಾಗ ನನ್ನ ಸೀರೆಯ ಮೇಲೆಲ್ಲ ಮಲ್ಲಿಗೆ ಚೆಲ್ಲಿತು. ಅಲ್ಲಿಗೆ ನನ್ನ ಬುದ್ಧಿಯ ಕೆಲಸ ಮುಗಿಯಿತು.

ಕ್ಯಾಟಲಾಗಿನಲ್ಲಿ ಆ ಚಿತ್ರದ ಅಡಿ ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಸಾಲಿತ್ತು. ಎಣ್ಣೆ, ಹೊಗೆ, ಧೂಳು ಇರುವ ಕಡೆ ಇದನ್ನು ಹಾಕಬೇಡಿ, ಬೇಗ ಕಟ್ಟಿಕೊಳ್ಳುತ್ತದೆ ಎಂದು. ಓದಿದೆ. ಚೆನ್ನಾಗಿಯೇ ಓದಿದೆ. ಮನೆಗೆ ಬಂದು ಯಜಮಾನರಿಗೆ ಆ ಪುಟ ತೋರಿಸುವಾಗ ಆ ಸಾಲಿನ ಮೇಲೆ ನನ್ನ ಹೆಬ್ಬೆರಳಿತ್ತು. ಬೆರಳು ತಾನಾಗಿ ಅಲ್ಲಿಗೆ ಹೋಗಲಿಲ್ಲ, ನಾನೇ ಇಟ್ಟೆ.

"ಅಡುಗೆಮನೆಗೂ ಇದೇನಾ?" ಅಂದರು.

"ಎಲ್ಲಾ ಕಡೆ ಒಂದೇ ಥರ ಇದ್ರೆ ಚೆಂದ ಅಲ್ವೇನ್ರೀ," ಅಂದೆ.

ಫಿಟ್ಟಿಂಗಿನ ಅನ್ವರಣ್ಣನಿಗೆ ಯಾವುದಕ್ಕೂ ಆಕ್ಷೇಪವಿರಲಿಲ್ಲ. "ಹಾಕ್ಬಿಡಣ ಮೇಡಂ, ಮಸ್ತಾಗಿರ್ತದೆ." ಹಿಂದಿನ ಗೋಡೆಯಲ್ಲಿ ಗಾಳಿ ಹೊರಗೆ ಹೋಗುವ ಬಾಯಿಗೂ ಅದೇ ಮಲ್ಲಿಗೆ ಬೇಕೆಂದೆ. ಹಿಂದಿನ ಗೋಡೆಯನ್ನು ನೋಡುವವರು ಪಕ್ಕದ ಮನೆಯ ನಾಯಿ ಮಾತ್ರ. ಆದರೂ ಬೇಕು. "ಅದೂ ಮಸ್ತಾಗಿರ್ತದೆ ಮೇಡಂ." ಸೊಳ್ಳೆ ಬಾರದಂತೆ ಒಳಗೆ ಒಂದು ಬಲೆಯನ್ನೂ ಹಾಕಿಸಿದೆ. ಅದೂ ಮಸ್ತಾಯಿತು.

ಅತ್ತೆ ಮಾತ್ರ ಸೊಂಟದ ಮೇಲೆ ಕೈಯಿಟ್ಟು ಚಾವಣಿ ನೋಡಿ ನೋಡಿ, "ತೂತಿಗ್ಯಾಕೆ ಒಡವೆ?" ಅಂದರು. ಆಮೇಲೆ ನೆಂಟರಿಷ್ಟರನ್ನೆಲ್ಲ ಕರೆದು ತೋರಿಸಿದವರೂ ಅವರೇ. "ನಮ್ ಇಮಲಾನೇ ಆರಿಸಿದ್ದು. ಕಾನ್ವೆಂಟು ನೋಡು." ಬಂದವರೆಲ್ಲ ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಿ ಹೊಗಳಿ ಕಾಫಿ ಕುಡಿದು ಹೋಗುತ್ತಿದ್ದರು. ನನಗೆ ತಲೆ ತಿರುಗಿದ್ದು ಆಗಲೇ ಇರಬೇಕು.

ಇನ್ನೊಂದು ನಿಜ. ಆ ಫ್ಯಾನು ಶುರುವಾದ ದಿನ, ಒಗ್ಗರಣೆಯ ಹೊಗೆ ಮಲ್ಲಿಗೆಯೊಳಗೆ ಸರಕ್ಕನೆ ಹೋದದ್ದನ್ನು ನೋಡಿ ನನಗೆ ಮೊದಲು ಹೊಳೆದದ್ದು ಶನಿವಾರ. ಅತ್ತೆ ಗೋವಿಂದನಲ್ಲಿ ಮುಳುಗಿರುವಾಗ ಅಡುಗೆಮನೆಯ ಬಾಗಿಲು ಹಾಕಿ, ಫ್ಯಾನು ಜೋರು ಮಾಡಿ, ಒಂದೇ ಒಂದು ಮೊಟ್ಟೆ. ಮೊಟ್ಟೆ ಅಡಗಿಸಿಡುತ್ತಿದ್ದದ್ದು ಹಿಟ್ಟಿನ ಡಬ್ಬದಲ್ಲಿ. ತಿಂಗಳುಗಟ್ಟಲೆ ಯಾರಿಗೂ ತಿಳಿಯಲಿಲ್ಲ. ಸುಂದರವಾದದ್ದು ಉಪಯೋಗಕ್ಕೂ ಬಂತಲ್ಲ ಎಂದು ಬೀಗಿದ್ದೆ.

ಶ್ರಾವಣದ ಒಂದು ಶನಿವಾರ — ಬಾಯಿ ಇನ್ನೂ ಒರೆಸಿಕೊಂಡಿರಲಿಲ್ಲ — ಅತ್ತೆಯ ಕೋಣೆಯಲ್ಲಿ ಗೋವಿಂದ ನಿಂತಿತು.

"ಇಮಲಾ. ಬಾ ಇಲ್ಲಿ. ಮೂಸು."

ಹೋದೆ. ಮೂಸಿದೆ. ಅತ್ತೆ ಮಣೆಯ ಮೇಲೆ ಕೂತಲ್ಲೇ ಕತ್ತೆತ್ತಿ ಚಾವಣಿ ನೋಡುತ್ತಿದ್ದರು. ಮಲ್ಲಿಗೆಯೊಳಗಿಂದ ಮೆಣಸು ಹಾಕಿದ ಆಮ್ಲೆಟ್ಟಿನ ವಾಸನೆ, ಅಂಚು ಕರಿಕಾದದ್ದೂ ತಿಳಿಯುವಷ್ಟು ಸ್ಪಷ್ಟವಾಗಿ, ಅವರ ನಾಮದ ಮೇಲೆ ಇಳಿಯುತ್ತಿತ್ತು.

"ಮೇಲಿಂದ ಬತ್ತಾ ಐತೆ," ಅಂದರು ಅತ್ತೆ. "ಮೇಲ್ನೋರು. ಶ್ರಾವಣ ಸನಿವಾರ, ಮೊಟ್ಟೆ ಉರೀತಾವ್ರೆ. ಮಕ ನೋಡಿದ್ರೆ ಈಬೂತಿ, ಒಳಗ್ ನೋಡಿದ್ರೆ ಇಂಗೆ."

ಅವರನ್ನು ತಪ್ಪೆನ್ನಲಾರೆ. ಬಾಡಿಗೆಗೆ ಮನೆ ಕೊಟ್ಟವರಿಗೆ ಚಾವಣಿಯಿಂದ ಬರುವುದೆಲ್ಲ ಬಾಡಿಗೆಯವರದೇ. ನೀರು ಸೋರಿದರೆ ಅವರದು, ಸದ್ದಾದರೆ ಅವರದು, ವಾಸನೆ ಬಂದರೆ ಇನ್ಯಾರದು?  ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ವಾಸನೆಗೆ ಹಾಗೆ ಮಾಡಿದೆ ಎಂದು ಅತ್ತೆ ತಿಳಿದರು.

ಮೇಲಿದ್ದವರು ಗಿರಿಜಾ ಮತ್ತು ಅವರ ಗಂಡ, ಹಾವೇರಿ ಕಡೆಯವರು. ಗಂಡ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಗಿರಿಜಾ ಬೆಳಗ್ಗೆ ವಿಭೂತಿ ಹಚ್ಚಿ, ಇಷ್ಟಲಿಂಗ ಪೂಜೆ ಮಾಡದೆ ನೀರೂ ಕುಡಿಯುತ್ತಿರಲಿಲ್ಲ. ಬೇಕರಿಯ ಕೇಕಿನಲ್ಲಿ ಮೊಟ್ಟೆ ಇರುತ್ತದೆಂದು ನನ್ನ ಮಗಳ ಹುಟ್ಟುಹಬ್ಬದ ಕೇಕನ್ನು ಕೈಮುಗಿದು ಬೇಡವೆಂದವರು. ಬದಲಿಗೆ ಮಗಳಿಗೆ ಶೇಂಗಾ ಹೋಳಿಗೆ ಮಾಡಿ ತಂದುಕೊಟ್ಟವರು. ಅದೂ ನನಗೆ ಗೊತ್ತಿತ್ತು.

ಅತ್ತೆ ದೇವಸ್ಥಾನಕ್ಕೆ ಹೋದಾಗ ಅವರ ಕೋಣೆಯಲ್ಲಿ ಸ್ಟೂಲ್ ಹತ್ತಿ ಊದುಬತ್ತಿ ಹಿಡಿದು ನೋಡಿದೆ. ಹೊಗೆ ಮೇಲಕ್ಕೆ ಹೋಗಬೇಕಿತ್ತು, ನನ್ನ ಮುಖಕ್ಕೇ ಬಂತು. ಹಿಂದಿನ ಗೋಡೆಗೆ ಹೋಗಿ ನೋಡಿದರೆ ಹೊರಗಿನ ಮಲ್ಲಿಗೆಯಲ್ಲಿ ಒಂದು ತೂತೂ ಉಳಿದಿರಲಿಲ್ಲ. ಹೊಸೂರು ರಸ್ತೆಯ ಧೂಳು, ನನ್ನ ಒಗ್ಗರಣೆಯ ಜಿಡ್ಡು, ಎರಡೂ ಕಲಸಿ ರಾಗಿ ಮುದ್ದೆಯ ಹಾಗೆ ಮೆತ್ತಿಕೊಂಡಿತ್ತು. ಹೊರಗೆ ದಾರಿಯಿಲ್ಲದೆ ಅಡುಗೆಮನೆಯ ಗಾಳಿ ಅದೇ ಪೈಪಿನಲ್ಲಿ ಹೊರಳಿಕೊಂಡು ಅತ್ತೆಯ ಕೋಣೆಗೆ ಇಳಿಯುತ್ತಿತ್ತು. ಕ್ಯಾಟಲಾಗು ಹೇಳಿದ್ದು ಹೇಳಿದ ಹಾಗೆಯೇ ಆಗಿತ್ತು.

ಆಗಲೇ ಹೇಳಬಹುದಿತ್ತು. ನಾನು ಮಾಡಿದ್ದು ಬೇರೆ. ಹಳೇ ಟೂತ್‌ಬ್ರಷ್ ತಂದು, ಸೋಪಿನ ನೀರು ಹಾಕಿ, ಎಸಳೆಸಳಾಗಿ ಉಜ್ಜಿ ತೊಳೆದೆ. ಮುಂದಿನ ಶನಿವಾರ ಮೊಟ್ಟೆ ಮಾಡಲಿಲ್ಲ. ವಾಸನೆಯೂ ಬರಲಿಲ್ಲ. ಎಲ್ಲ ಸರಿಹೋಯಿತು ಅಂದುಕೊಂಡೆ.

ಅತ್ತೆ ಗೆದ್ದವರ ಹಾಗೆ ಕೋಣೆಯಿಂದ ಹೊರಬಂದರು. "ನೋಡ್ದಾ? ಮೆಟ್ಲತ್ರ ನಿಂತ್ಕಂಡು ಎಲ್ರಿಗೂ ಕೇಳೋ ಅಂಗೆ ಬೈದೆ. ಇವತ್ತು ನಿಲ್ಸವ್ಳೆ. ತಪ್ಪು ಮಾಡ್ದೆ ಇದ್ದಿದ್ರೆ ಯಾಕ್ ನಿಲ್ಸೋಳು?"

ನಾನು ತೊಳೆದದ್ದೇ ಗಿರಿಜಾ ವಿರುದ್ಧ ಸಾಕ್ಷಿಯಾಯಿತು. ಅಷ್ಟು ಚೊಕ್ಕವಾದ ಸಾಕ್ಷಿಯನ್ನು ಬೇಕೆಂದೇ ಮಾಡಲು ಕೂತಿದ್ದರೂ ನನ್ನಿಂದ ಆಗುತ್ತಿರಲಿಲ್ಲ.

ಅದಾದ ಕೆಲವೇ ದಿನಕ್ಕೆ ಗಿರಿಜಾ ಅವರ ಅತ್ತೆ ಊರಿನಿಂದ ಬಂದರು. ಆಟೋದಿಂದ ರೊಟ್ಟಿಯ ಗಂಟು ಇಳಿಸುತ್ತಿದ್ದ ಹಾಗೇ ನನ್ನ ಅತ್ತೆ ಗೇಟಿನಲ್ಲೇ ಹಿಡಿದರು. "ಬನ್ನಿ ತಾಯಿ. ನಿಮ್ ಸೊಸೆಗೆ ಒಸಿ ಬುದ್ಧಿ ಏಳಿ. ಸನಿವಾರ ಮೊಟ್ಟೆ ಉರೀತಾಳೆ, ನಮ್ ದೇವ್ರ್ ಕೋಣೆಗ್ ಬತ್ತದೆ."

ಆ ಹಿರಿಯರ ಕೈಯಲ್ಲಿದ್ದ ಗಂಟು ಹಾಗೇ ನಿಂತಿತು. ಗಿರಿಜಾ ಮೆಟ್ಟಿಲು ಇಳಿದು ಬಂದರು. ಕೈಗೆ ಜೋಳದ ಹಿಟ್ಟು ಮೆತ್ತಿತ್ತು.

"ಅಲ್ರೀ ಅಮ್ಮಾರ, ನಾವು ತತ್ತಿ ಮನಿಯೊಳಗ ತರಂಗಿಲ್ರೀ. ಆಣಿ ಮಾಡಿ ಹೇಳ್ತೇನ್ರೀ." ಆಮೇಲೆ ನನ್ನ ಕಡೆ ತಿರುಗಿದರು. "ನೀವರ ಹೇಳ್ರೀ ಅಕ್ಕಾರ. ನಮ್ಮ ಮನಿ ನೋಡೀರಿ. ನಮ್ಮಿಂದ ಬಂದೈತೇನ್ರೀ ಅದು?"

ಅವರ ಅತ್ತೆ ನನ್ನನ್ನು ನೋಡಿದರು. ನನ್ನ ಅತ್ತೆ ನನ್ನನ್ನು ನೋಡಿದರು. ನಾನು ಸುಳ್ಳು ಹೇಳುವವಳಲ್ಲ ಎಂಬುದು ಆ ಬೀದಿಗೆಲ್ಲ ಗೊತ್ತಿದ್ದ ವಿಷಯ. ಕಾನ್ವೆಂಟಿನಲ್ಲಿ ಕಲಿಸಿದ ಮೆತ್ತನೆಯ ದನಿ ಒಂದಿದೆಯಲ್ಲ, ಅದೇ ದನಿಯಲ್ಲಿ, ಗಿರಿಜಾ ಅವರ ತೋಳು ಮುಟ್ಟಿ, ನಾನು ಅಂದದ್ದು ಇಷ್ಟು —

"ಹೋಗ್ಲಿ ಬಿಡಿ ಗಿರಿಜಾ. ಇನ್ಮೇಲೆ ಸ್ವಲ್ಪ ನೋಡ್ಕೊಳ್ಳಿ."

ಇದರಲ್ಲಿ ಒಂದು ಸುಳ್ಳೂ ಇಲ್ಲ ಎಂದು ಎಷ್ಟು ದಿನ ಲೆಕ್ಕ ಹಾಕಿದ್ದೇನೆ. ಹೌದು, ಇಲ್ಲ. ಸುಳ್ಳು ಹೇಳಿದ್ದರೆ ಇಷ್ಟು ಕೆಟ್ಟದಾಗುತ್ತಿರಲಿಲ್ಲ. ಗಿರಿಜಾ ನನ್ನ ಕೈಯನ್ನೇ ನೋಡಿದರು. ಆಮೇಲೆ ಗಂಟು ಎತ್ತಿಕೊಂಡು ಮೇಲೆ ಹೋದರು. ಆ ದಿನವೆಲ್ಲ ಮೇಲೆ ಪಾತ್ರೆ ತೊಳೆಯುವ ಸದ್ದು. ಮನೆಯ ಪಾತ್ರೆಯನ್ನೆಲ್ಲ ಹೊರಗೆ ಹಾಕಿ, ಹುಣಿಸೆಹಣ್ಣು ಹಚ್ಚಿ, ಅವರ ಅತ್ತೆ ತಿಕ್ಕಿಸುತ್ತಿದ್ದರು. ಮುಂದೆ ಸೊಸೆಯ ಕೈಯ ಅನ್ನ ಉಣ್ಣದೆ, ತಾವೇ ಬೇಯಿಸಿಕೊಂಡರಂತೆ. ಸ್ವಲ್ಪ ದಿನಕ್ಕೆ ಗಿರಿಜಾ ಮನೆ ಖಾಲಿ ಮಾಡಿ ಬೇಗೂರಿನ ಕಡೆ ಹೋದರು. ಹೋಗುವಾಗ ನನಗೆ ಹೇಳಿ ಹೋಗಲಿಲ್ಲ.

ಆಮೇಲೆ ಬಂದ ಬಾಡಿಗೆಯವರಿಗೆಲ್ಲ ಅತ್ತೆ ಗೇಟಿನಲ್ಲಿ ನಿಲ್ಲಿಸಿ ಈ ಕತೆ ಹೇಳುತ್ತಿದ್ದರು, ಎಚ್ಚರಿಕೆಗೆ. ಕತೆ ಬೆಳೆಯಿತು. ಒಂದು ಮೊಟ್ಟೆ ಹೋಗಿ ಒಂದು ಟ್ರೇ ಆಯಿತು. ಒಂದು ಯುಗಾದಿಯ ಹೊತ್ತಿಗೆ ಕೋಳಿಯಾಯಿತು. ಕಳೆದ ವರ್ಷ ಮನೆ ನೋಡಲು ಬಂದ ಹೊಸ ಜೋಡಿಗೆ ಹೇಳುವಾಗ ಗಿರಿಜಾ ಮೇಲಿನ ಮನೆಯಲ್ಲಿ ಕುರಿ ತಲೆ ಸುಡುತ್ತಿದ್ದರು. ಕಾಫಿ ತಟ್ಟೆ ಹಿಡಿದು ನಿಂತಿದ್ದ ನಾನು — ಯಾಕೋ, ಕುರಿ ತಲೆಯ ತನಕ ಬಂದಾಗ ಸುಮ್ಮನಿರಲು ನನ್ನ ಕೈಲಿ ಆಗಲಿಲ್ಲ.

"ಅತ್ತೆ," ಅಂದೆ. "ಗಿರಿಜಾ ಏನೂ ಮಾಡಿಲ್ಲ. ಆ ಮೊಟ್ಟೆ ಹುರಿದಿದ್ದು ನಾನು. ನಮ್ಮ ಅಡುಗೆಮನೆ ವಾಸನೆಯೇ ಪೈಪಲ್ಲಿ ನಿಮ್ಮ ಕೋಣೆಗೆ ಬಂತು."

ಅತ್ತೆ ನನ್ನನ್ನು ನೋಡಿದರು. ಕಣ್ಣು ತುಂಬಿ ಬಂತು ಅವರಿಗೆ. ಆ ಜೋಡಿಯ ಕಡೆ ತಿರುಗಿ ಅಂದರು, "ನೋಡುದ್ರಾ ನನ್ ಸೊಸೇನಾ? ಯಾರೋ ಮಾಡಿದ್ ತಪ್ಪ ತನ್ ತಲೆ ಮ್ಯಾಲ್ ಆಕ್ಕಂತಾವ್ಳೆ, ಅವಳ್ ಮಾನ ಓಗ್ಬಾರ್ದು ಅಂತ. ಕಾನ್ವೆಂಟು."

ಬಂದ ಹುಡುಗಿ ನನಗೆ ಕೈ ಮುಗಿದಳು.

ಒಳ್ಳೆಯವಳೆಂಬ ಹೆಸರು ಎಷ್ಟು ಗಟ್ಟಿಯಾದ ಗೋಡೆಯೆಂದು ಅವತ್ತು ತಿಳಿಯಿತು. ನಿಜ ಹೇಳಿ ಇನ್ನಷ್ಟು ಪುಣ್ಯ ಸಂಪಾದಿಸಿಕೊಂಡಿದ್ದೆ. ರಾತ್ರಿ ಯಜಮಾನರಿಗೂ ಹೇಳಿದೆ. ಪೇಪರಿನಿಂದ ತಲೆ ಎತ್ತದೆ, "ಹೋಗ್ಲಿ ಬಿಡೇ, ಎಷ್ಟ್ ಯೋಚ್ನೆ ಮಾಡ್ತೀಯ," ಅಂದರು.

ಆ ಜೋಡಿ ಮನೆ ಒಪ್ಪಲಿಲ್ಲ. ಮೇಲೆ ಖಾಲಿಯೇ ಇತ್ತು. ಆ ವಾರದ ಶನಿವಾರ ಹಿಂದಿನ ಗೋಡೆಯ ಜಾಲರಿ ಕಳಚಿ ಅದರ ಬಾಯಿಗೆ ಹಳೇ ಟವೆಲ್ ತುರುಕಿ ಬಂದೆ. ಎರಡು ಮೊಟ್ಟೆ ಒಡೆದೆ. ಮೆಣಸಿನಪುಡಿ ಧಾರಾಳವಾಗಿ ಹಾಕಿದೆ. ಅಂಚು ಕರಿಕಾಗಲು ಬಿಟ್ಟೆ.

ಗೋವಿಂದ ನಿಂತಿತು. ಅತ್ತೆ ಹೊರಗೆ ಬಂದು ಚಾವಣಿ ನೋಡಿದರು. ಸೊಂಟದಲ್ಲಿದ್ದ ಬೀಗದ ಕೈ ಮುಟ್ಟಿ ನೋಡಿಕೊಂಡರು. ಮೆಟ್ಟಿಲು ಹತ್ತಿದರು. ಮೇಲೆ ಬೀಗ ತೆಗೆದದ್ದು, ಒಂದೊಂದೇ ಬಾಗಿಲು ತೆರೆದದ್ದು, ಕೊನೆಗೆ ಅಟ್ಟದ ಬಾಗಿಲನ್ನೂ ತೆರೆದದ್ದು ಕೇಳಿಸಿತು. ಇಳಿದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ನಾನು ಬಾಣಲೆ ಮುಂದೆ ಹಿಡಿದೆ.

ಬೈಯುತ್ತಾರೆಂದು ಕಾದಿದ್ದೆ, ಬೈಯಬೇಕೆಂದು ಕೂಡ. ಅತ್ತೆ ಬಾಣಲೆಯನ್ನೂ ನನ್ನನ್ನೂ ನೋಡಿ ಕೇಳಿದ್ದು ಒಂದೇ.

"ಆ ಉಡ್ಗಿ ಎಲ್ಲವ್ಳೆ ಈಗ?"

ಮಾರನೆಯ ದಿನ ಇಬ್ಬರೂ ಆಟೋದಲ್ಲಿ ಬೇಗೂರಿಗೆ ಹೋದೆವು. ವಿಳಾಸ ಕಿರಾಣಿ ಅಂಗಡಿಯವರಿಂದ ಸಿಕ್ಕಿತ್ತು. ಗಿರಿಜಾ ಬಾಗಿಲು ತೆಗೆದರು, ಒಳಗೆ ಕರೆದರು, ನೀರು ಕೊಟ್ಟರು. ಅತ್ತೆ ನೀರು ಮುಟ್ಟುವ ಮೊದಲೇ ಕೈ ಜೋಡಿಸಿ, "ತೆಪ್ಪಾಯ್ತವ್ವ, ತಿಳೀದೆ ಅಂದ್ಬುಟ್ಟೆ," ಅಂದರು. ಅಷ್ಟು ವಯಸ್ಸಿನವರು, ಒಂದು ಸಲವೂ ನನ್ನ ಕಡೆ ಬೆರಳು ತೋರಿಸದೆ.

"ಕೈ ತಗೀರಿ ಅಮ್ಮಾರ. ನಿಮಗ ತಿಳೀಲಿಲ್ಲ, ಅಂದ್ರಿ," ಅಂದರು ಗಿರಿಜಾ. ಅವರ ಕೈ ಹಿಡಿದು ಕೂರಿಸಿದರು. ಆಮೇಲೆ ನನ್ನನ್ನು ನೋಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಆದ್ರ ನಿಮಗ ಗೊತ್ತಿತ್ತಲ್ರೀ ಅಕ್ಕಾರ?"

ಆಟೋದಲ್ಲಿ ಬರುವಾಗ ಹೇಳಬೇಕೆಂದು ಏನೇನೋ ಜೋಡಿಸಿಕೊಂಡಿದ್ದೆ — ಹೆದರಿಕೆ, ಹೊಸದಾಗಿ ಸಿಕ್ಕ ಹೆಸರು, ಜಾಲರಿ —

"ಗೊತ್ತಿತ್ತು," ಅಂದೆ.

ಅವರು ತಲೆಯಾಡಿಸಿದರು. ಅತ್ತೆಗೆ ಚಹಾ ಬಂತು, ನನಗೂ ಬಂತು. ನನಗೆ ಕೊಟ್ಟ ಲೋಟವನ್ನು ನೆಲದ ಮೇಲಿಟ್ಟರೇ ಹೊರತು ಕೈಗೆ ಕೊಡಲಿಲ್ಲ. ಗಿರಿಜಾ ಅವರ ಅತ್ತೆ ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದರೆಂದು ಮಾತಿನ ನಡುವೆ ಗೊತ್ತಾಯಿತು. ಕೊನೆಯ ತನಕ ಸೊಸೆ ಮೊಟ್ಟೆ ಹುರಿದಳೆಂಬ ಆ ಮಾತನ್ನು ನಂಬಿಕೊಂಡೇ ಹೋದರಂತೆ. ಅಲ್ಲಿಗೆ ಯಾವ ಆಟೋ ಹೋಗುತ್ತದೆ?

 ವಾಪಸು ಬಂದು ಗೇಟಿನ ಮುಂದೆ ಇಳಿದ ಮೇಲೆ ಅತ್ತೆ ಅಂದರು, "ಇನ್ಮ್ಯಾಕೆ ಬಾಡ್ಗೆಗ್ ಬರೋರ್ಗೆ ಕತೆ ನೀನೇ ಏಳ್ಬೇಕು."

ಅಡುಗೆಮನೆಯಲ್ಲೂ ಹಿಂದಿನ ಗೋಡೆಯಲ್ಲೂ ಈಗ ಆ ಅಲ್ಯೂಮಿನಿಯಂ ಪಟ್ಟಿಗಳ ಬಸ್ಸಿನ ಕಿಟಕಿಯೇ ಇದೆ. ಮನೆ ನೋಡಲು ಬಂದವರಿಗೆಲ್ಲ ನಾನೇ ಕತೆ ಹೇಳುತ್ತೇನೆ, ಗಿರಿಜಾ ಎಂಬ ಹೆಸರು ಹಿಡಿದು, ಮೊಟ್ಟೆ ಯಾರದೆಂದು ಮೊದಲೇ ಹೇಳಿ. ಕೆಲವರು ನಗುತ್ತಾರೆ, ಕೆಲವರು ಅಡ್ವಾನ್ಸ್ ಕೊಡದೆ ಹೋಗುತ್ತಾರೆ. ಅತ್ತೆ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ನಾನು ಎಲ್ಲಾದರೂ ಸ್ವಲ್ಪ ಮೆತ್ತಗೆ ಮಾಡಿಕೊಂಡು ಮುಂದೆ ಹೋದರೆ ತಡೆಯುತ್ತಾರೆ.

"ಅವಳ್ ತೋಳ್ ಮುಟ್ಟಿ ಏನೋ ಅಂದ್ಯಲ್ಲ, ಅದ ಬುಟ್ಬುಟ್ಟೆ."

ಅದನ್ನೂ ಹೇಳುತ್ತೇನೆ.